ಟಕ್ ಅಂದ ಮೇಲೆ ರೈಟ್

ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ತಾಯಂದಿರೇ, ಮುಂದೆ ಜಾಗ ಇದೆ, ಬನ್ನಿ. ಪ್ರವಚನ ಅಂದರೆ ಮೊದಲು ಹಿಂದಿನ ಸಾಲೇ ತುಂಬಬೇಕು, ಇದು ಎಲ್ಲಾ ಊರಿನ ಪದ್ಧತಿ. ಇರಲಿ.

ಪ್ರೀತಿ ಅಂದರೇನು ಅಂತ ಮಾತಾಡ್ತಾ ಇದ್ವಿ. ಪ್ರೀತಿ ಇಲ್ಲದ ಮನೆ ಯಾವುದಿದೆ, ಹೇಳಿ? ಎಲ್ಲರ ಮನೆಯಲ್ಲೂ ಇದೆ. ಬೇಕಾದಷ್ಟಿದೆ. ಆದರೆ ಬಳಕೆಯಲ್ಲಿ ಇದೆಯಾ? ಅದು ಪ್ರಶ್ನೆ. ಇದಕ್ಕೊಂದು ದೃಷ್ಟಾಂತ ಹೇಳ್ತೀನಿ. ನಡುವೆ ನಾನು ಸ್ವಲ್ಪ ಸ್ವಲ್ಪ ಜಾರ್ತಾ ಇದ್ದರೆ ನಗಬೇಡಿ. ನೀವು ನನಗೆ ಹಾಕಿರೋ ಈ ಹೊಸ ಕುರ್ಚಿ ಬಹಳ ಚೆನ್ನಾಗಿದೆ. ಯಾಕೆ ಜಾರ್ತಿದೀನಿ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಹಾವೇರಿ ಕಡೆ ಒಂದೂರು. ಆ ಊರಲ್ಲೊಬ್ಬರು ಬೀಜದ ಸಾಹುಕಾರರು. ಅವರ ಹೆಸರು ಬೇಡ ಬಿಡಿ, ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವರ ನೆಂಟರನ್ನು ಹುಡುಕ್ತಾ ಕೂರ್ತೀರಿ. ಹತ್ತಿ, ಗೋವಿನಜೋಳ, ಸೂರ್ಯಕಾಂತಿ, ಯಾವ ಬೀಜ ಬೇಕಾದರೂ ಅವರ ಅಂಗಡಿಗೇ ಬರಬೇಕು. ಮನುಷ್ಯ ಪ್ರಾಮಾಣಿಕ. ಯಾರಾದರೂ ಬಂದು ಬಣ್ಣದ ಪಾಕೀಟು ನೋಡಿ, "ಇದ ಕೊಡ್ರಿ ಸಾಹುಕಾರ್ರ, ತೆನಿ ಭಾಳ ಚಂದ ಕಾಣ್ತೈತಿ" ಅಂದರೆ ಬೈಯೋರು.

"ಪಾಕೀಟಿನ ಮ್ಯಾಲಿನ ಚಿತ್ರ ಬಿತ್ತಾಕ ಬರಂಗಿಲ್ಲೋ ಯಪ್ಪಾ! ನೂರು ಕಾಳು ಎಣಿಸು, ಹಸಿ ಅರಿವ್ಯಾಗ ಕಟ್ಟಿ ಇಡು, ಎಷ್ಟು ಮೊಳಕಿ ಒಡೀತಾವ ನೋಡು. ಆಮ್ಯಾಲ ಹೊಲಕ್ಕ ಒಯ್ಯಿ."

ಮೂವತ್ತು ವರ್ಷ ಹೀಗೇ ಹೇಳಿದವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅವರಿಗೆ ಒಬ್ಬಳು ಮೊಮ್ಮಗಳು ಹುಟ್ಟಿದಳು. ಸಿರಿಗೌರಿ ಅಂತ ಹೆಸರಿಟ್ಟರು. ಸೊಸೆ ಶಿವಲೀಲಾ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಅರವತ್ತು ಕಿಲೋಮೀಟರ್ ದೂರ. ಐದು ತಿಂಗಳು ತುಂಬಿದ ಮೇಲೆ ಸೋಮವಾರ ತಾಯಿ ಮಗುವನ್ನು ಕರೆತರೋದು ಅಂತ ನಿಶ್ಚಯವಾಯಿತು. ಶಿವಲೀಲಾಳ ತಾಯಿ ದಾಕ್ಷಾಯಿಣಿ, ಬಸ್ ಕಂಡಕ್ಟರ್. ಇಪ್ಪತ್ತೆರಡು ವರ್ಷದ ಸರ್ವಿಸು. ಗಂಡನಿಲ್ಲ. ಟಿಕೆಟ್ ಹರಿದೇ ಮಗಳನ್ನು ಓದಿಸಿದಾಕೆ. ಪದ್ಧತಿಯಂತೆ ಮೊಮ್ಮಗಳಿಗೆ ಸಾಗವಾನಿ ತೊಟ್ಟಿಲು ಮಾಡಿಸಿ ಮುಂಚೆಯೇ ಕಳಿಸಿದರು. ತೊಟ್ಟಿಲು ಎಷ್ಟು ಚೆಂದ ಇತ್ತು ಅಂದರೆ ಓಣಿಯ ಹೆಂಗಸರೆಲ್ಲ ಬಂದು ನೋಡಿದರು.

ನಮ್ಮ ಸಾಹುಕಾರರಿಗೆ ಏನಾಗಬೇಕು? ಸಂತೋಷ ಆಗಬೇಕು. ಆಯಿತಾ? ಆಯಿತು, ಆದರೆ ಅದರ ಬೆನ್ನಿಗೇ ಇನ್ನೊಂದು ವಿಚಾರವೂ ಬಂತು. ಕಂಡಕ್ಟರ್ ಬೀಗಿತ್ತಿ ಇಂಥಾ ತೊಟ್ಟಿಲು ಕೊಟ್ಟರೆ, ಸಾಹುಕಾರ ಅನ್ನಿಸಿಕೊಂಡ ನಾನು ಏನು ಕೊಡಬೇಕು? ನೋಡಿ, ಪ್ರೀತಿಯ ಹಿಂದೆ ಪೈಪೋಟಿ ಬಂದು ನಿಂತಿತು. ಸದ್ದೇ ಇಲ್ಲದೆ ಬರುತ್ತೆ ಅದು.

ಸೊಸೆ ಫೋನಿನಲ್ಲಿ ಹೇಳಿದ್ದಳು: "ಮಾವಾರ, ಕೂಸಿಗೆ ಕಾರಿನ್ಯಾಗ ಇಡೋ ಸೀಟು ಬೇಕ್ರಿ. ಅದನ್ನ ಕಾರಿನಿಂದ ತಗದು ಕೈಗಾಡಿ ಮ್ಯಾಲ ಕೂಡಿಸಾಕ ಬರಬೇಕು. ಹಂಗಾದ್ರ ಮಲಗಿದ ಕೂಸನ್ನ ಎಬ್ಬಸೂದು ಬ್ಯಾಡ. ನಮ್ಮ ಕಾರಿನ ಬೆಲ್ಟು ಆ ಸೀಟಿಗೆ ಸುತ್ತು ಬರ್ತೈತೋ ಇಲ್ಲೋ, ಅದನ್ನೊಂದು ತಪ್ಪದ ನೋಡ್ರಿ." ಸಾಹುಕಾರರು ಅಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡರು. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿದರು. ಮರುದಿನ ಬೇರೆ ಅಂಗಿ ಹಾಕಿಕೊಂಡು ಹುಬ್ಬಳ್ಳಿಗೆ ಹೋದರು!

ಅಲ್ಲಿ ದೊಡ್ಡ ಅಂಗಡಿ. ಸಾಲಾಗಿ ಮಕ್ಕಳ ಗಾಡಿಗಳು. ಮಾರೋ ಹುಡುಗಿ ಬಂದಳು, ನಾಲ್ಕು ಪ್ರಶ್ನೆ ಕೇಳಿದಳು. "ಕಾರ್ ಯಾವುದು ಸರ್? ಮಗು ಎಷ್ಟು ಕೆಜಿ? ಕಾರ್ ಹೊರಗೆ ನಿಂತಿದ್ದರೆ ಸೀಟ್ ಇಟ್ಟು ನೋಡೋಣವಾ? ಗಾಡಿ ಮಡಿಚಿ ಡಿಕ್ಕಿಯಲ್ಲಿ ಹಿಡಿಸುತ್ತಾ ನೋಡೋಣವಾ?" ಪಾಪ, ಆ ಹುಡುಗಿ ಅವರದೇ ವಿದ್ಯೆ ಹೇಳ್ತಾ ಇದ್ದಾಳೆ, ಕಾಳು ಹಸಿ ಬಟ್ಟೆಯಲ್ಲಿ ಕಟ್ಟಿ ನೋಡಿ ಅಂತ. ಇವರಿಗೆ ಕೇಳಿಸಿತಾ? ಇಲ್ಲ. ಇವರ ಕಣ್ಣು ಕೆಂಪು ಗಾಡಿಯ ಮೇಲೆ. ಬಂಗಾರದ ಬಣ್ಣದ ಹಿಡಿಕೆ, ದೊಡ್ಡ ದೊಡ್ಡ ಗಾಲಿ. ಪಕ್ಕದ ಹಲಗೆಯ ಮೇಲೆ ಅದರಲ್ಲಿ ನಗ್ತಾ ಕೂತಿರೋ ಗುಂಡು ಮಗುವಿನ ಚಿತ್ರ.

"ಇದರಕಿಂತ ಚಲೋದು ಐತೇನು?"

"ಇಲ್ಲ ಸರ್, ಆದರೆ..."

"ಹಂಗಾದ್ರ ಕಟ್ಟು."

ಆಕೆ ಕೊನೆಗೆ ಒಂದು ಮಾತು ಹೇಳಿದಳು: "ಸಣ್ಣ ಮಗು ಸರ್, ಕಾರಲ್ಲಿ ಹಿಂದಿನ ಸೀಟಿಗೇ ಇಡಿ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಇರಬೇಕು."

ಸಾಹುಕಾರರಿಗೆ ನಗು ಬಂತು. "ನನ್ನ ಮೊಮ್ಮಗಳು ಊರಿಗೆ ಬೆನ್ನು ತೋರಿಸಿ ಊರೊಳಗ ಬರಬೇಕೇನವ್ವಾ?"

ಗಾಡಿ ಮನೆಗೆ ಬಂತು. ಪಡಸಾಲೆಯಲ್ಲಿ ತೊಟ್ಟಿಲಿನ ಪಕ್ಕದಲ್ಲೇ ನಿಂತಿತು. ಓಣಿ ಮತ್ತೆ ನೋಡಲಿಕ್ಕೆ ಬಂತು. ಯಾರೋ ಮುಟ್ಟಲು ಹೋದರೆ ಸಾಹುಕಾರರು ಕೂಗಿದರು, "ಮ್ಯಾಲಿನ ಪ್ಲಾಸ್ಟಿಕ್ ಹರದೀತು, ಹುಷಾರಾಗಿ ಮುಟ್ರಿ!" ಅವರ ಮನೆಯಲ್ಲಿ ಅದೊಂದು ನಿಯಮ. ಸೋಫಾ ತಂದು ಆರು ವರ್ಷ, ಪ್ಲಾಸ್ಟಿಕ್ ತೆಗೆದಿಲ್ಲ. ಕಾರು ತಂದು ಮೂರು ವರ್ಷ, ಬೇಸಿಗೆಯಲ್ಲಿ ಬೆನ್ನು ಬೆಂದರೂ ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ. ಯಾಕೆ? ಹೊಸದಾಗಿ ಇರಲಿ ಅಂತ. ಯಾರಿಗೆ ಹೊಸದಾಗಿ ಇರಲಿ? ಗೊತ್ತಿಲ್ಲ. ಯಾರು ಯಾರು ನಗ್ತಾ ಇದ್ದೀರೋ ನನಗೆ ಕಾಣ್ತಾ ಇದೆ.

ಶನಿವಾರ ಬೀಗಿತ್ತಿಯ ಫೋನ್ ಬಂತು.

"ಬೀಗರ, ಗಾಡಿ ತಂದೀರಂತ, ಭಾಳ ಖುಷಿ ಆತು. ಪಟ್ಟಿ ಹಾಕಿ ನೋಡಿದ್ರ್ಯಾ? ಟಕ್ ಅಂತೈತೇನ್ರಿ?"

"ಅದು ಭಾಳ ಚಲೋ ಗಾಡಿ ಐತ್ರಿ."

"ಚಲೋ ಇರ್ಲಿರಿ. ಟಕ್ ಅಂತೈತೋ ಇಲ್ಲೋ?"

ಸಾಹುಕಾರರಿಗೆ ಸಿಟ್ಟು ಬಂತು. "ಕೂಸು ನಮ್ಮದೂ ಹೌದಲ್ರಿ ಬೀಗಿತ್ತ್ಯಾರ!"

ಆಕೆ ದನಿ ಏರಿಸಲಿಲ್ಲ. "ಇಪ್ಪತ್ತೆರಡು ವರ್ಷದಾಗ ಮಂದಿ ಕುಂತಾರೋ ಇಲ್ಲೋ ನೋಡದ ನಾ ಒಮ್ಮಿನೂ ರೈಟ್ ಅಂದಿಲ್ಲರಿ. ಬ್ರೇಕ್ ಬಿದ್ದಾಗ ನಿಂತ ಮಂದಿ ಹೆಂಗ ಹಾರ್ತಾರ ಅನ್ನೋದು ನನಗ ಗೊತ್ತೈತಿ. ಸೋಮವಾರ ನಮ್ಮ ಬಾಗಲಾಗ ಆ ಪಟ್ಟಿ ಟಕ್ ಅಂದ್ರ ಕೂಸು ಬರ್ತೈತಿ. ಅನ್ನಲಿಲ್ಲಂದ್ರ ನಾ ರೈಟ್ ಅನ್ನಂಗಿಲ್ಲ. ಸಿಟ್ಟಾದ್ರೂ ಆಗ್ರಿ."

ಫೋನ್ ಇಟ್ಟ ಸಾಹುಕಾರರು ಪಡಸಾಲೆಯ ಉದ್ದಕ್ಕೂ ಓಡಾಡಿದರು. "ಟಿಕೆಟ್ ಹರಿಯೋರು ನನಗ ಪಾಠ ಹೇಳ್ತಾರ!" ಬಾಯಿ ತಪ್ಪಿ ಆಡಿದ ಮಾತು ಅದು, ಆಡಿದ ಮೇಲೆ ಅವರಿಗೇ ಕಸಿವಿಸಿ ಆಯಿತು. ಅವರ ಹೆಂಡತಿ ಗುರುಬಸಮ್ಮ ಹೂ ಕಟ್ಟುತ್ತಾ ಕೂತಿದ್ದವರು ತಲೆ ಎತ್ತಲೇ ಇಲ್ಲ. "ನೀವು ದಿನಾ ರೈತರಿಗೆ ಹೇಳೂದನ್ನ ಅವರು ನಿಮಗ ಹೇಳ್ಯಾರ. ಕಾಳು ಕಟ್ಟಿ ನೋಡ್ರಿ ಅಂದಾರ, ಅಷ್ಟ."

ಗಂಡಸಿಗೆ ಹೆಂಡತಿಯ ಮಾತು ಸರಿ ಅಂತ ಗೊತ್ತಾದಾಗ ಏನು ಮಾಡ್ತಾನೆ? ಸರಿ ಅನ್ನೋದಿಲ್ಲ. "ಆತು, ನೋಡೇ ಬಿಡೂಣು" ಅಂತಾನೆ!

ಸೊಸೆ ಹೇಳಿದ್ದ ತೂಕ ಗುರುಬಸಮ್ಮನಿಗೆ ನೆನಪಿತ್ತು. ಆರೂವರೆ ಕಿಲೋ ಗೋವಿನಜೋಳ ತೂಗಿ ಬಟ್ಟೆಯ ಚೀಲಕ್ಕೆ ತುಂಬಿದರು. ಸುಮ್ಮನೆ ಇರದೆ ಚೀಲಕ್ಕೆ ಮೊಮ್ಮಗಳಿಗೆ ಅಂತ ಹೊಲಿದಿಟ್ಟ ಕುಲಾಯಿ ಟೋಪಿ ತೊಡಿಸಿ, ಕಾಡಿಗೆಯ ಬೊಟ್ಟನ್ನೂ ಇಟ್ಟರು. "ದೃಷ್ಟಿ ಆಗಬಾರದಲ್ಲ" ಅಂತ ಬಿದ್ದು ಬಿದ್ದು ನಕ್ಕರು. ಸಾಹುಕಾರರು ಕೆಂಪು ಗಾಡಿಯ ಮೇಲಿನ ಸೀಟನ್ನು ಬಿಚ್ಚಿ ಕಾರಿನ ಹಿಂಬದಿಯಲ್ಲಿ ಊರಿಗೆ ಮುಖ ಮಾಡಿಯೇ ಇಟ್ಟರು. ಕಾರಿನ ಬೆಲ್ಟು ಎಳೆದರು, ಒಂದು ಗೇಣು ಸಾಲದು. "ಇರ್ಲಿ, ಭಾರ ಐತಿ, ಅಳ್ಳಾಡಂಗಿಲ್ಲ." ಚೀಲ ಕೂಡಿಸಿ ಪಟ್ಟಿ ಹಾಕಿದರು, ನಡುವೆ ಪ್ಲಾಸ್ಟಿಕ್ ಸಿಕ್ಕಿಕೊಂಡು ಕೊಂಡಿ ಕೂರಲಿಲ್ಲ. "ಇರ್ಲಿ, ಮ್ಯಾಲ ಇಟ್ಟರ ಸಾಕು." ಎಷ್ಟು ಸಲ ಇರ್ಲಿ ಅಂದರು, ಎಣಿಸಿದಿರಾ? ನಮ್ಮ ಎಲ್ಲಾ ಅನಾಹುತಗಳೂ ಇರ್ಲಿ ಅನ್ನೋ ಮಾತಿನಿಂದಲೇ ಶುರು ಆಗೋದು.

ಸಾಹುಕಾರರು ಕಾರು ನಡೆಸಿದರು, ಗುರುಬಸಮ್ಮ ಪಕ್ಕದಲ್ಲಿ. ಕೆರೆ ದಂಡೆಗೆ ಬಂದರು. ರಸ್ತೆ ಖಾಲಿ, ಸೊಗಸಾದ ಬಿಸಿಲು. "ನೋಡ್ದೇನು? ಹೆಂಗ ಕುಂತೈತಿ ಕೂಸು!" ಅಂದರು. ಅಷ್ಟರಲ್ಲಿ ದಂಡೆಯಿಂದ ಒಂದು ಎಮ್ಮೆ, ಯಾರ ಹಂಗೂ ಇಲ್ಲದ ಎಮ್ಮೆ, ರಸ್ತೆಗೆ ಇಳಿಯಿತು. ಸಾಹುಕಾರರು ಬ್ರೇಕ್ ಒತ್ತಿದರು.

ಕಾರು ನಿಂತಿತು. ಎಮ್ಮೆಗೆ ಏನೂ ಆಗಲಿಲ್ಲ. ಹಿಂದೆ ಇಟ್ಟಿದ್ದ ಮಗುವಿನ ಸೀಟು ಮಗುಚಿ ಬಿತ್ತು. ಚೀಲ ಇಬ್ಬರ ನಡುವಿನಿಂದ ಹಾರಿ ಬಂದು ಗೇರಿನ ಹತ್ತಿರ ಅಪ್ಪಳಿಸಿ ಒಡೆಯಿತು. ಕಾರಿನ ತುಂಬಾ ಜೋಳ ಸುರಿದ ಸದ್ದು. ಕುಲಾಯಿ ಸಾಹುಕಾರರ ಪಾದದ ಮೇಲೆ ಬಿದ್ದಿತ್ತು.

ಸಾಹುಕಾರರು ಬಗ್ಗಿ ಕುಲಾಯಿ ಎತ್ತಿಕೊಂಡರು. ಅದರ ದಾರ ಇನ್ನೂ ಗಂಟು ಹಾಕಿಯೇ ಇತ್ತು. ಮೂವತ್ತು ವರ್ಷದಲ್ಲಿ ಎಷ್ಟೋ ಜೋಳ ಚೆಲ್ಲಿದ್ದನ್ನು ಕಂಡ ಮನುಷ್ಯ, ಆರೂವರೆ ಕಿಲೋ ಜೋಳ ನೋಡಿ ಅತ್ತರು. ಗುರುಬಸಮ್ಮ ಅವರ ಬೆನ್ನು ಸವರಿದರು. "ಜೋಳ ಐತ್ರಿ. ಬರೇ ಜೋಳ. ನಮ್ಮ ಪುಣ್ಯ ದೊಡ್ಡದು."

ನೋಡಿ, ಅವರಿಗೆ ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲವಾ? ಪ್ರಾಣವನ್ನೇ ಇಟ್ಟಿದ್ದರು. ಆದರೆ ಆ ಪ್ರೀತಿಯ ಕೊಂಡಿ ಕೂತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಸಾಹುಕಾರರು ಅಲ್ಲೇ, ಎಮ್ಮೆ ನೋಡ್ತಾ ಇರೋವಾಗಲೇ, ಆ ಸೀಟಿನ ಪ್ಲಾಸ್ಟಿಕ್ಕನ್ನು ಪರ್ರಂತ ಹರಿದು ಹಾಕಿದರು. ಅದೇ ಆವೇಶದಲ್ಲಿ ಕಾರಿನ ಸೀಟುಗಳದ್ದೂ ಹರಿದರು. ಮನೆಗೆ ಬಂದು ಹಳೆ ಅಂಗಿಯ ಜೇಬಿನಿಂದ ಸೊಸೆಯ ಚೀಟಿ ತೆಗೆದರು. ಭಾನುವಾರ ಬೆಳಗ್ಗೆ ಕೆಂಪು ಗಾಡಿ ಹೇರಿಕೊಂಡು ಮತ್ತೆ ಹುಬ್ಬಳ್ಳಿ. ಈ ಸಲ ಒಂದು ಕೈಯಲ್ಲಿ ಚೀಟಿ, ಕಂಕುಳಲ್ಲಿ ಹೊಸದಾಗಿ ತುಂಬಿ ಕುಲಾಯಿ ತೊಡಿಸಿದ ಜೋಳದ ಚೀಲ!

ಅಂಗಡಿಯ ಹುಡುಗಿ ನಗು ತಡೆಯಲಾರದೆ ಗೋಡೆ ಕಡೆ ತಿರುಗಿಕೊಂಡಳು. ಸಾಹುಕಾರರು ಬೇಸರ ಮಾಡಿಕೊಳ್ಳಲಿಲ್ಲ. "ನಗವ್ವಾ, ನಗು. ಮೊನ್ನೆ ನೀ ಕೇಳಿದ್ದ ನಾಲ್ಕೂ ಪ್ರಶ್ನೆ ಇನ್ನೊಮ್ಮೆ ಕೇಳು." ಒಂದೊಂದು ಸೀಟನ್ನೂ ಹೊರಗೆ ಒಯ್ದು ಕಾರಿನಲ್ಲಿಟ್ಟರು, ಬೆಲ್ಟು ಸುತ್ತಿದರು, ಹಿಡಿದು ಅಲ್ಲಾಡಿಸಿದರು, ಚೀಲ ಕೂಡಿಸಿ ಪಟ್ಟಿ ಬಿಗಿದರು. ನಾಲ್ಕು ಸೀಟು ಬೇಡವಾದವು. ಐದನೆಯದು ಬೂದು ಬಣ್ಣ, ಬಂಗಾರ ಗಿಂಗಾರ ಏನೂ ಇಲ್ಲ. ಕಾರಿನ ಬೆಲ್ಟು ಸುತ್ತು ಬಂತು. ಸೀಟು ಅಲ್ಲಾಡಲಿಲ್ಲ. ಪಟ್ಟಿ ಟಕ್ ಅಂತು. ಎತ್ತಿ ಗಾಡಿಯ ಮೇಲಿಟ್ಟರೆ ಅಲ್ಲೂ ಟಕ್. ಗಾಡಿ ಒಂದೇ ಕೈಯಲ್ಲಿ ಮಡಿಚಿ ಡಿಕ್ಕಿಯೊಳಗೆ ಹೋಯಿತು. ಕೆಂಪು ಗಾಡಿಯ ಗಾಲಿ ಇನ್ನೂ ಬೀದಿ ಕಂಡಿರಲಿಲ್ಲ, ಅಂಗಡಿಯವರು ಮುಖ ಸಣ್ಣ ಮಾಡಿಕೊಂಡೇ ಬದಲಿಸಿ ಕೊಟ್ಟರು.

ಸೋಮವಾರ ಬೀಗಿತ್ತಿಯ ಬಾಗಿಲು. ಶಿವಲೀಲಾ ಮಗುವನ್ನು ಸೀಟಿನಲ್ಲಿ ಕೂಡಿಸಿದಳು, ಮುಖ ಹಿಂದಕ್ಕೆ. ಸಾಹುಕಾರರು ತಾವೇ ಬಗ್ಗಿ ಕೊಂಡಿ ಹಾಕಿದರು. ಟಕ್! ದಾಕ್ಷಾಯಿಣಿ ಬಂದು ಪಟ್ಟಿಯ ಕೆಳಗೆ ಒಂದು ಬೆರಳು ಹಾಕಿ ನೋಡಿದರು, ಸೀಟು ಹಿಡಿದು ಜಗ್ಗಿದರು. ಸರಿಯಾಗಿತ್ತು. ಮೊಮ್ಮಗಳ ಕೆನ್ನೆಗೆ ಮುತ್ತು ಕೊಟ್ಟರು. ಆಮೇಲೆ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತರು. ಐದು ತಿಂಗಳು ಎತ್ತಿ ಆಡಿಸಿದ ಕೂಸು. ಇನ್ನು ಆ ಮನೆಯಲ್ಲಿ ಅವರೊಬ್ಬರೇ.

ಸಾಹುಕಾರರು ಕಾರು ಶುರು ಮಾಡಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು, "ಬೀಗಿತ್ತ್ಯಾರ, ನೀವು ರೈಟ್ ಅನ್ನೋತನಕ ಈ ಗಾಡಿ ಹೊಂಡಂಗಿಲ್ಲರಿ. ಮತ್ತ ಮುಂದಿನ ಸೀಟು ಖಾಲಿ ಐತಿ. ರಜಾ ಹಾಕಿ ನಾಲ್ಕು ದಿನ ಬರ್ರಿ. ಕೂಸಿಗೆ ಹೊಸ ಊರು, ನಿಮ್ಮ ದನಿ ಬೇಕಾಗ್ತೈತಿ."

ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ತುರುಕಿ, ಬಾಗಿಲಿಗೆ ಬೀಗ ಹಾಕಿ ಬಂದರು. ಮುಂದೆ ಕೂತು ಬೆಲ್ಟ್ ಹಾಕಿಕೊಂಡರು. ಟಕ್. ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿಗೆ ಎರಡು ಸಲ ಬಡಿದರು. "ರೈಟ್ ರೈಟ್!" ಬೀದಿಗೆಲ್ಲ ಕೇಳಿಸಿತು. ಮಗು ಕಿಲಕಿಲ ನಕ್ಕಿತು.

ಕಥೆ ಮುಗೀತು. ಈಗ ನಿಮ್ಮ ಸರದಿ. ತಪ್ಪಿಸಿಕೊಳ್ಳೋ ಹಾಗಿಲ್ಲ.

ಬರುವಾಗ ಹೊರಗೆ ನೋಡಿದೆ. ಐವತ್ತು ಬೈಕು ನಿಂತಿವೆ, ಹೆಲ್ಮೆಟ್ಟುಗಳೆಲ್ಲ ಕನ್ನಡಿಗೆ ನೇತಾಡ್ತಾ ಇವೆ. ತಲೆ ಯಾರದು? ಕನ್ನಡಿಯದಾ? ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದ ತಂದೆ ಒಬ್ಬರು ಇಲ್ಲೇ ಮೂರನೇ ಸಾಲಿನಲ್ಲಿದ್ದೀರಿ. ನಿಮಗೆ ಆ ಮಗು ಅಂದರೆ ಪ್ರಾಣ, ನನಗೆ ಗೊತ್ತು. ಆದರೆ ಎಮ್ಮೆಗೆ ಗೊತ್ತಿಲ್ಲ! ಅದಕ್ಕೇ ಹೋಗುವಾಗ ಹೆಲ್ಮೆಟ್ ಹಾಕಿ, ಕೊಂಡಿ ಬಿಗಿದು ಹೋಗಿ. ಮಗುವನ್ನು ಮುಂದೆ ನಿಲ್ಲಿಸಬೇಡಿ. ಕಾರಿನವರು, ತೊಡೆಯ ಮೇಲೆ ಮಗು ಇದ್ದರೆ ಸಾಕು ಅನ್ನಬೇಡಿ.

ಮನೆಯಲ್ಲಿ ನೋಡಿ. ಅಮ್ಮನಿಗೆ ಅಂತ ತಂದ ಕಂಬಳಿ ಪ್ಯಾಕೆಟ್ಟಿನಲ್ಲೇ ಇದೆಯಾ? ತೆಗೆದು ಇವತ್ತೇ ಹೊದಿಸಿ. ಅಪ್ಪನಿಗೆ ದೊಡ್ಡ ಫೋನು ಕೊಡಿಸಿದ್ದೀರಿ, ಅದರಿಂದ ಅವರು ಮಾಡಿದ ಕರೆ ನೀವು ಎತ್ತುತ್ತೀರಾ? ಅಲ್ಲಿ ಕೊಂಡಿ ಕೂತಿಲ್ಲ. ಏನಾದರೂ ಕೊಳ್ಳೋ ಮೊದಲು ಅದು ಯಾರಿಗೋ ಅವರನ್ನು ಕೇಳಿ. ಬೇರೆಯವರಿಗೆ ಹೇಳೋ ಬುದ್ಧಿಯನ್ನು ವಾರಕ್ಕೊಂದು ಸಲ ನೀವೇ ಕೇಳಿಸಿಕೊಳ್ಳಿ. ಮನೆಯಲ್ಲಿ ಯಾರಾದರೂ "ಟಕ್ ಅಂತಾ?" ಅಂತ ಕೇಳಿದರೆ ಸಿಟ್ಟಾಗಬೇಡಿ. ಅವರು ನಿಮ್ಮನ್ನು ಅನುಮಾನಿಸುತ್ತಿಲ್ಲ, ಎಲ್ಲರೂ ಕೂತರಾ ಅಂತ ನೋಡ್ತಾ ಇದ್ದಾರೆ.

ಈಗ ನನ್ನ ಕುರ್ಚಿ ವಿಷಯ. ಮಠದ ಸಮಿತಿ ಅಧ್ಯಕ್ಷರೇ, ಸ್ವಲ್ಪ ಮೇಲೆ ಬನ್ನಿ. ಮಠಕ್ಕೆ ಅಂತ ಭಕ್ತಿಯಿಂದ ಹೊಸ ಕುರ್ಚಿ ತಂದಿದ್ದೀರಿ. ಹಾಳಾಗಬಾರದು ಅಂತ ಪ್ಲಾಸ್ಟಿಕ್ ತೆಗೆದಿಲ್ಲ. ಒಂದು ಗಂಟೆಯಿಂದ ನಾನು ಜಾರ್ತಾ ಇದ್ದೀನಿ, ಕುರ್ಚಿ ಹೊಸದಾಗೇ ಇದೆ! ಹರಿಯಿರಿ. ಎಲ್ಲರ ಎದುರಿಗೇ ಹರಿಯಿರಿ. ಹಾಂ, ಹಾಗೆ. ಎಲ್ಲರಿಗೂ ಸದ್ದು ಕೇಳಿಸಿತಾ? ಮನೆಗೆ ಹೋದ ಮೇಲೆ ನನಗೆ ಆ ಸದ್ದು ನಿಮ್ಮ ನಿಮ್ಮ ಮನೆಯಿಂದಲೂ ಕೇಳಿಸಬೇಕು.

ಇನ್ನು ಹೊರಡಿ. ಆದರೆ ಗಾಡಿ ನಡೆಸೋರು ರೈಟ್ ಅನ್ನೋ ಹಾಗಿಲ್ಲ. ಹಿಂದೆ ಕೂತವರು ಅನ್ನಬೇಕು.