ಕೊನೆಗೆ ಹೋಗುವ ಹುಡುಗ

ಪ್ಲೊವ್ದಿವ್ ನಗರದ ಔಷಧದಂಗಡಿಯ ಸಾಲಿನಲ್ಲಿ ಮುದುಕ ದೋಬ್ರಿಯ ಮುಂದೆ ಇಬ್ಬರು ಶಿಕ್ಷಕಿಯರು ನಿಂತಿದ್ದರು.

“ಶಾಲೆ ತೆರೆದಾಯ್ತಲ್ಲ ಝ್ಲಾತ್ಕಾ, ಇನ್ನೂ ನಿದ್ದೆ ಮಾತ್ರೆನಾ?”

“ಆನ್‌ಲೈನ್ ಪಾಠ ಮುಗಿದಾಗೆಲ್ಲ ಮೇಜಿನ ಮೇಲೆ ತಲೆಯಿಟ್ಟು ಅಳ್ತಿದ್ದೆ ಕಣೇ. ಮಕ್ಕಳೆಲ್ಲ ಹೋಗಿರ್ತಿದ್ರು, ಪರದೆ ಮೇಲೆ ಓಗ್ನ್ಯಾನ್ ಹೆಸರು ಮಾತ್ರ ಉಳೀತಿತ್ತು.”

“ಫೋನ್ ಬಿಟ್ಟು ಆಡೋಕೆ ಹೋಗಿರ್ತಾನೆ.”

“ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಶಾಲೆ ಮುಚ್ಚಿದ ವಾರ ಬೋರ್ಡ್ ಒರೆಸೋ ಪಾಳಿ ಅವನದಿತ್ತು.”

“ಪಾಳಿಯವನು ಟೀಚರ್ ಹೋಗೋ ತನಕ ಕ್ಲಾಸ್ ಬಿಡೋ ಹಾಗಿಲ್ಲ.”

“ಪಾಳಿ ಬದಲಿಸೋದನ್ನೇ ಮರ್ತಿದ್ದೆ. ಅಷ್ಟೂ ದಿನ ನಾನು ಅಳೋದನ್ನ ಕೂತು ಕೇಳಿದಾನೆ.”

“ಅವನೇ ಹೇಳಿದ್ನಾ?”

“ನಿನ್ನೆ ಎಲ್ಲರೂ ಹೋದ್ಮೇಲೆ ಬೋರ್ಡ್ ಒರೆಸಿ ಬಾಗಿಲಲ್ಲಿ ನಿಂತ. ‘ಟೀಚರ್, ಇವತ್ತು ಅಳೋದಿದ್ಯಾ, ಇಲ್ಲ ನಾನು ಹೋಗ್ಲಾ?’ ಅಂದ.”

ಕೌಂಟರಿನವಳು ಕರೆದಳು. ಇಬ್ಬರೂ ಮುಂದೆ ಹೋದರು. ದೋಬ್ರಿ ಮಾತ್ರ ನಿಂತಲ್ಲೇ ನಿಂತಿದ್ದ.