ರೆಪ್ಪೆ ಬಡಿದರೆ ಮೊಟಕು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಟೈಲರಮ್ಮನ ಪಕ್ಕದಲ್ಲೇ ವಾಚ್ ರಿಪೇರಿಯ ಅಣ್ಣ ತಮ್ಮ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು. ಆಕೆ ಸರದಿ ಮರೆತು ಕಿವಿಗೊಟ್ಟಳು.

“ರೆಪ್ಪೆ ಬಡೀದೆ ಕೂತೂ ಕೂತೂ ಕಣ್ಣು ಒಣಗಿದೆಯಂತೆ. ಡಾಕ್ಟರು ಹೇಳಿದ್ದು ಕೇಳಿಸ್ತಾ?” ಎಂದ ತಮ್ಮ.

“ಡ್ರಾಪ್ಸ್ ಕೊಟ್ಟಿದ್ದಾರಲ್ಲ, ಹಾಕ್ಕೊಂಡು ಸುಮ್ನಿರು.”

“ಸ್ಪ್ರಿಂಗ್ ಕೂರಿಸುವಾಗ ರೆಪ್ಪೆ ಬಡಿದರೆ ನೆತ್ತಿಗೆ ಮೊಟಕ್ತಿದ್ದವನು ಯಾರು?”

“ಮೊಟಕಿದ್ದಕ್ಕೇ ನಿನಗೆ ಕೆಲಸ ಬಂತು. ಅಪ್ಪ ನನಗೂ ಹಾಗೇ ಕಲಿಸಿದ್ದು.”

“ಈಗ ಆಗಾಗ ರೆಪ್ಪೆ ಬಡಿ ಅಂತಾರೆ. ಅಭ್ಯಾಸವೇ ತಪ್ಪಿಹೋಗಿದೆ!”

“ಎಲ್ಲಾನೂ ನನ್ನ ತಲೆಗೇ ಕಟ್ಟು.”

“ನಿನ್ನ ಕಣ್ಣೂ ಕೆಂಡದ ಹಾಗಿದೆ. ತೋರಿಸ್ಕೋ, ಹೋಗು.”

“ನನಗೇನು ಬಂದಿದೆ ರೋಗ?” ಎಂದು ಅಣ್ಣ ತಮ್ಮನನ್ನು ದುರುಗುಟ್ಟಿ ನೋಡಿ, ಎದ್ದು ಹೊರಟ. ತಮ್ಮ ಗೊಣಗುತ್ತಾ ಹಿಂದೆ ನಡೆದ.

ಅಷ್ಟು ಹೊತ್ತಿನಲ್ಲಿ ಆ ಅಣ್ಣ ಒಮ್ಮೆಯೂ ರೆಪ್ಪೆ ಬಡಿದದ್ದನ್ನು ಟೈಲರಮ್ಮ ಕಾಣಲಿಲ್ಲ.