ಬಿಚ್ಚದೆ ಉಳಿದ ಸ್ಯಾಂಪಲ್ ಚೀಲ

ಹೆಸರು: ನಯನಾ ಎಚ್.ಸಿ., ತಂದೆ ಚನ್ನಬಸವಯ್ಯ. ವಯಸ್ಸು: 27 ವರ್ಷ. ಕಸುಬು: ಕಾಫಿ ಬೆಳೆ. ವಾಸ: ಹೆಗ್ಗದ್ದೆ ಗ್ರಾಮ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ.

ನಾನು ಈ ದಿನ ಬೆಳಿಗ್ಗೆ 10.15ಕ್ಕೆ ಯಾರೂ ಕರೆಸದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ರುಬೀನಾಳ ಪಾಸ್‌ಪೋರ್ಟ್ ತೆಗೆದವಳು ನಾನು. ನೀವು ವಿಚಾರಣೆಗೆ ಕರೆಸಿರುವ ಹಮಾಲಿ ಕುಳ್ಳಯ್ಯನವರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ರುಬೀನಾ ಸಕಲೇಶಪುರ ಪೇಟೆಯ ಕಾಫಿ ವ್ಯಾಪಾರಿ ಮೆಹಬೂಬ್ ಸಾಹೇಬರ ಮಗಳು. ಹನ್ನೊಂದು ವರ್ಷದಿಂದ ನನ್ನ ಗೆಳತಿ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಬ್ಯಾಂಕಾಕ್, ಕ್ರಾಬಿ, ಅಲ್ಲಿಂದ ದೋಣಿಯಲ್ಲಿ ದ್ವೀಪಗಳು, ಕೊನೆಗೆ ವಿಯೆಟ್ನಾಮಿನ ದನಾಂಗ್, ಹೀಗೆ ಇಪ್ಪತ್ತೊಂದು ದಿನ ಸುತ್ತಬೇಕೆಂಬುದು ನಮ್ಮಿಬ್ಬರ ಯೋಜನೆ. ಯಾವ ಊರಲ್ಲಿ ಎಷ್ಟು ದಿನ, ಯಾವ ಬೀಚಿಗೆ ಯಾವ ಬಸ್ಸು ಎಂದು ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದವಳು ನಾನು. ಜನವರಿ 19ರಂದು ನನ್ನ ತಂದೆ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡದಿದ್ದರೆ ಹೂವು ಸರಿಯಾಗಿ ಬರುವುದಿಲ್ಲ, ವರ್ಷದ ಫಸಲು ಹೋದಂತೆಯೇ. ಹಾಗಾಗಿ ನಾನು ಬರಲಾಗುವುದಿಲ್ಲ ಎಂದು ರುಬೀನಾಳಿಗೆ ತಿಳಿಸಿದೆ. ಅವಳು ಪ್ರವಾಸ ಮುಂದೂಡುತ್ತಾಳೆ ಅಂದುಕೊಂಡಿದ್ದೆ. ನಾಲ್ಕನೇ ದಿನ ಫೋನ್ ಮಾಡಿ, ನನ್ನ ಬದಲು ಮಧುಶ್ರೀ ಬರುತ್ತಾಳೆ ಎಂದಳು. ಮಧುಶ್ರೀ ಅವಳಿಗೆ ಜಿಮ್‌ನಲ್ಲಿ ಪರಿಚಯವಾಗಿ ಮೂರು ತಿಂಗಳಾಗಿತ್ತು.

ಫೆಬ್ರವರಿ 8ರಂದು ಬೆಳಿಗ್ಗೆ 11.40ಕ್ಕೆ ನಮ್ಮ ತೋಟದ ಒಣ ಚೆರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, ಸ್ಯಾಂಪಲ್ ತೆಗೆದುಕೊಂಡು ಸಾಹೇಬರ ಅಂಗಡಿಗೆ ಹೋದೆ. ಚೆರಿಯಲ್ಲಿ ಎಷ್ಟು ಬೀಜ ಕೂಡುತ್ತದೆಂದು ನೋಡಿದ ಮೇಲೆ, ಉಳಿದದ್ದನ್ನು ಬೆಳೆಗಾರನ ಹೆಸರು ಬರೆದ ಬಟ್ಟೆ ಚೀಲದಲ್ಲಿ ಕಟ್ಟಿ ಹಲಗೆಯ ಮೇಲಿಡುತ್ತಾರೆ. ಮಾಲು ಮಾರಾಟವಾಗುವವರೆಗೆ ಬೆಳೆಗಾರ ಎದುರಿಗಿಲ್ಲದೆ ಆ ಗಂಟನ್ನು ಯಾರೂ ಬಿಚ್ಚುವಂತಿಲ್ಲ. ಮೆಹಬೂಬ್ ಸಾಹೇಬರೂ ಬಿಚ್ಚುವುದಿಲ್ಲ.

ರುಬೀನಾಳ ಜೊತೆ ಮಧುಶ್ರೀ ಅಲ್ಲಿದ್ದಳು. ಹಾಸನದಲ್ಲಿ ನಾನು ನನಗೆಂದು ಆರಿಸಿದ್ದ ಹಸಿರು ಬ್ಯಾಗ್ ಅವಳ ಬೆನ್ನ ಮೇಲಿತ್ತು. ನನ್ನ ನೋಟ್‌ಬುಕ್ ಅವಳ ಕೈಯಲ್ಲಿತ್ತು. ಅವಳು ದನಾಂಗ್ ಮೇಲೆ ಗೀಟು ಎಳೆದು ಫುಕೆಟ್ ಎಂದು ಬರೆದಿದ್ದಳು. "ಕ್ರಾಬೀಲಿ ನಾಲ್ಕು ದಿನ ಕೂತ್ಕೊಂಡು ಏನ್ ಮಾಡೋದು ಮಾರಾಯ್ತಿ, ಯಾರು ಬರೆದಿದ್ದು ಇದನ್ನ?" ಎಂದಳು. ರುಬೀನಾ ನಕ್ಕಳು. ಬರೆದದ್ದು ನಾನು ಎಂದು ಅವಳು ಹೇಳಲಿಲ್ಲ.

12.05ಕ್ಕೆ ಅವರಿಬ್ಬರೂ ಬ್ಯಾಗ್ ಹಾಕಿಕೊಂಡು ಸೆಲ್ಫಿ ತೆಗೆಯಲು ಹೊರಗೆ ಹೋದರು. ನನ್ನನ್ನು ಕರೆಯಲಿಲ್ಲ. ಸಾಹೇಬರು ನಮ್ಮ ಸ್ಯಾಂಪಲ್ ನೋಡಿ ಮುಗಿಸಿ ಹೊರಗೆ ಹೋಗಿದ್ದರು, ಅಂಗಡಿಯ ಹಮಾಲಿ ಕುಳ್ಳಯ್ಯ ಹಿಂದಿನ ಗೋಡೌನ್‌ನಲ್ಲಿ ಚೀಲ ಹೊಲಿಯುತ್ತಿದ್ದರು. ಪಾಸ್‌ಪೋರ್ಟ್ ನನ್ನಿಂದ ಎರಡು ಅಡಿ ದೂರದಲ್ಲಿ ಮೇಜಿನ ಮೇಲಿತ್ತು. ಅದನ್ನು ನಮ್ಮ ಸ್ಯಾಂಪಲ್ ಚೀಲದೊಳಗೆ ತಳ್ಳಿ, ಗಂಟು ಹಾಕಿ, ಹಲಗೆಯ ಮೇಲಿಟ್ಟೆ. 10ನೇ ತಾರೀಖಿನ ಅವರ ವಿಮಾನ ತಪ್ಪಿದ ಮೇಲೆ ನಾನೇ ಹುಡುಕಿದಂತೆ ಮಾಡಿ ಕೊಡುವುದೆಂದು ಎಣಿಸಿದ್ದೆ.

9ರಂದು ರುಬೀನಾ ಅಳುತ್ತಾ ಫೋನ್ ಮಾಡಿದಳು. ನಾನು ಹೋಗಿ ಎರಡು ಗಂಟೆ ಅವಳ ಜೊತೆ ಹುಡುಕುವ ನಾಟಕವಾಡಿದೆ. ಕುಳ್ಳಯ್ಯ ನಲವತ್ತಮೂರು ಮೂಟೆ ಸುರಿದು ಜಾಲಾಡಿದರು. ಸ್ಯಾಂಪಲ್ ಚೀಲಗಳನ್ನು ಮಾತ್ರ ಮುಟ್ಟಗೊಡಲಿಲ್ಲ. "ಬೆಳೆಗಾರ್ರು ಇಲ್ದೆ ಬಿಚ್ಚಬಾರ್ದು ಕಣವ್ವ. ಒಂದ್ಸಲ ಬಿಚ್ಬುಟ್ರೆ ನಾಳೆ ಈ ಅಂಗ್ಡಿನ ಯಾರು ನಂಬ್ತಾರೆ?" ಎಂದರು.

10ರಂದು ಮಧುಶ್ರೀ ಒಬ್ಬಳೇ ಹೋದಳು. 12ರಂದು ಮಧ್ಯಾಹ್ನ 3 ಗಂಟೆಗೆ ರುಬೀನಾ ಹೆಗ್ಗದ್ದೆಗೆ ಬಂದು, 5.30ರವರೆಗೆ ನನ್ನ ಜೊತೆ ಪಂಪ್‌ಹೌಸ್ ಕಟ್ಟೆಯ ಮೇಲೆ ಕುಳಿತಿದ್ದಳು. "ಹೋಗ್ಲಿ ಬಿಡೆ, ಮುಂದಿನ ವರ್ಷ ನಾವಿಬ್ರೇ ಹೋಗೋಣ" ಎಂದಳು. ನನಗೆ ಬಹಳ ಸಂತೋಷವಾಯಿತು. ಪಾಸ್‌ಪೋರ್ಟ್ ಮಾತು ನಾನು ಎತ್ತಲಿಲ್ಲ. ಇದನ್ನೂ ಬರೆದುಕೊಳ್ಳಬೇಕು.

13ರಂದು ಸಾಹೇಬರು ದೂರು ಕೊಟ್ಟರು. 14ರಂದು ಸಂಜೆ 4.20ಕ್ಕೆ ರುಬೀನಾ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಚೀಲ ಬಿಚ್ಚಬೇಡಿ ಎಂದು ಕುಳ್ಳಯ್ಯ ಪೊಲೀಸರಿಗೂ ಅಡ್ಡ ನಿಂತರಂತೆ, ಅವರ ಮೇಲೆ ಅನುಮಾನ ಬಂದದ್ದು ಅದರಿಂದಲೇ ಅಂತೆ. ಬೆಳೆಗಾರರನ್ನು ಕರೆಸಿ ಹದಿನಾರು ಚೀಲ ಬಿಚ್ಚಿಸಿದರಂತೆ, ಏನೂ ಸಿಗಲಿಲ್ಲವಂತೆ. ಮರುದಿನ ಕುಳ್ಳಯ್ಯ ಠಾಣೆಗೆ ಹಾಜರಾಗಬೇಕಂತೆ. ನಮ್ಮ ಚೀಲ ಏನಾಯಿತೆಂದು ಕೇಳಿದೆ. "ನಿಂದು ಬ್ಯಾಡ ಅಂತ ನಾನೇ ಅಂದೆ ಕಣೆ. ನಯನಾ ಚೀಲ ಅದು, ಅದ್ರಲ್ಲಿ ಏನಿರುತ್ತೆ, ಸುಮ್ನೆ ಅಷ್ಟು ದೂರದಿಂದ ಅವಳನ್ನ ಕರೆಸಬೇಡಿ ಅಂದೆ" ಎಂದಳು.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಇಪ್ಪತ್ತೆರಡು ವರ್ಷ ಮೂಟೆ ಹೊತ್ತ ಮನುಷ್ಯ ನನ್ನಿಂದಾಗಿ ಠಾಣೆಯ ಮೆಟ್ಟಿಲು ಹತ್ತುವಂತಾಯಿತು.

ಈ ದಿನ 11.30ಕ್ಕೆ ಅಂಗಡಿಯಲ್ಲಿ ಪಂಚರ ಎದುರು ಚೀಲವನ್ನು ನಾನೇ ಬಿಚ್ಚಿ ಪಾಸ್‌ಪೋರ್ಟ್ ತೆಗೆದುಕೊಟ್ಟೆ. ರುಬೀನಾ ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಪಾಸ್‌ಪೋರ್ಟ್ ಯಾವಾಗ ವಾಪಸ್ ಸಿಗುತ್ತದೆಂದು ಸಬ್ ಇನ್‌ಸ್ಪೆಕ್ಟರ್ ಅವರನ್ನು ಕೇಳಿದಳು. ನಂತರ ರಸ್ತೆಗೆ ಹೋಗಿ ಕ್ರಾಬಿಯಲ್ಲಿರುವ ಮಧುಶ್ರೀಗೆ ಫೋನ್ ಮಾಡಿ, ಕಾಯುತ್ತಿರು, ಬರುತ್ತೇನೆ ಎಂದಳು. ಇಷ್ಟು ನನಗೆ ಕೇಳಿಸಿತು.

ಮಾಡಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ನೀವು ಕೇಳಿದ್ದೀರಿ. ಕುಳ್ಳಯ್ಯನವರ ವಿಷಯದಲ್ಲಿ ಇದೆ, ಅವರ ಕಾಲು ಹಿಡಿಯಲು ಸಿದ್ಧಳಿದ್ದೇನೆ. ಮಧುಶ್ರೀಯ ವಿಷಯದಲ್ಲಿ ಇನ್ನೂ ಬಂದಿಲ್ಲ.

ಇದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಮಧುಶ್ರೀಯ ಕುರಿತ ಕೊನೆಯ ಸಾಲು ಬೇಡವೆಂದು ಠಾಣೆಯ ರೈಟರ್ ಸಾಹೇಬರು ಹೇಳಿದರೂ ನಾನೇ ಕೇಳಿ ಬರೆಸಿದ್ದೇನೆ.

ಸ್ಥಳ: ಸಕಲೇಶಪುರ
ದಿನಾಂಕ: 15-02-2025
ಸಹಿ: ನಯನಾ ಎಚ್.ಸಿ.